ಕುಮಾರಪರ್ವತದ ತಪ್ಪಲು: ಊರು, ಕಾಡು, ಚಾರಣ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ತಾಲೂಕುಗಳು ಪಶ್ಚಿಮ ಘಟ್ಟದ ಬುಡಕ್ಕೆ ಒತ್ತಿಕೊಂಡ ಸೀಮೆ. ಪುತ್ತೂರಿನ ಗುಡ್ಡ, ಬಯಲುಗಳಿಂದ ಪೂರ್ವಕ್ಕೆ ಹೋದ ಹಾಗೆ ನೆಲ ಮೆಲ್ಲನೆ ಏರುತ್ತದೆ. ಕೊಲ್ಲಮೊಗ್ರು, ಕಲ್ಮಕಾರು, ಸುಬ್ರಹ್ಮಣ್ಯ, ಶಿರಾಡಿ ತಲುಪುವ ಹೊತ್ತಿಗೆ ಘಟ್ಟ ಎದುರಿಗೇ ಎದ್ದು ನಿಂತಿರುತ್ತದೆ. ಈ ಸಾಲಿನ ಅತಿ ಎತ್ತರದ ತುದಿ ಕುಮಾರಪರ್ವತ, ಇನ್ನೊಂದು ಹೆಸರಿನಲ್ಲಿ ಪುಷ್ಪಗಿರಿ. ಎತ್ತರ 1,712 ಮೀಟರ್. ಶಿಖರವಿರುವುದು ಕೊಡಗು ಜಿಲ್ಲೆಯ ಸೋಮವಾರಪೇಟೆ ಕಡೆಯಲ್ಲಿ. ಆದರೆ ಅದನ್ನು ಹತ್ತುವ ಹೆಚ್ಚಿನವರು ಹೊರಡುವುದು ಕೆಳಗಿನ ಕುಕ್ಕೆ ಸುಬ್ರಹ್ಮಣ್ಯದಿಂದ. ಹೀಗಾಗಿ ಪರ್ವತ ಕೊಡಗಿನದು, ಹಾದಿ ದಕ್ಷಿಣ ಕನ್ನಡದ್ದು ಎನ್ನುವಂತಾಗಿದೆ.

ಹಳೆಯ ಪುಸ್ತಕಗಳನ್ನು ನೋಡುವವರಿಗೆ ಒಂದು ಸೂಚನೆ. ಅವುಗಳಲ್ಲಿ ಸುಬ್ರಹ್ಮಣ್ಯವನ್ನು ಸುಳ್ಯ ತಾಲೂಕಿನ ಊರೆಂದು ಬರೆದಿರುತ್ತದೆ. ಪುತ್ತೂರು ಮತ್ತು ಸುಳ್ಯದ ಗ್ರಾಮಗಳನ್ನು ಬಿಡಿಸಿ ಕಡಬ ತಾಲೂಕು ಮಾಡಿದ ಮೇಲೆ ಸುಬ್ರಹ್ಮಣ್ಯ ಕಡಬಕ್ಕೆ ಸೇರಿತು. ಗಡಿ ಬದಲಾದರೂ ಜನರ ಮಾತಿನಲ್ಲಿ ಮೂರೂ ತಾಲೂಕುಗಳು ಒಂದೇ ಸೀಮೆಯಾಗಿ ಉಳಿದಿವೆ.

ನೆಲ, ನೀರು, ಮಳೆ

ಈ ಸೀಮೆಯನ್ನು ಕಟ್ಟಿಹಾಕಿರುವುದು ಎರಡು ಹೊಳೆಗಳು. ಕುಮಾರಧಾರಾ ಪರ್ವತದ ಮೇಲೆ ಹುಟ್ಟಿ, ಮೊದಲು ಕೊಡಗಿನ ಬದಿಗೆ ಇಳಿದು, ಮಲ್ಲಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಘಟ್ಟವನ್ನು ಸೀಳಿಕೊಂಡು ಸುಬ್ರಹ್ಮಣ್ಯಕ್ಕೆ ಬರುತ್ತದೆ. ಅಲ್ಲಿಂದ ಕಡಬದ ಊರುಗಳನ್ನು ಹಾದು ಪುತ್ತೂರು ತಾಲೂಕಿನ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಪಯಸ್ವಿನಿ ಕೊಡಗಿನಲ್ಲಿ ಹುಟ್ಟಿ ಸಂಪಾಜೆ, ಸುಳ್ಯಗಳ ಮೂಲಕ ಹರಿದು, ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯಾಗಿ ಸಮುದ್ರ ಕಾಣುತ್ತದೆ. ಇವೆರಡಕ್ಕೆ ನೀರು ತುಂಬುವ ತೋಡುಗಳಿಗೆ ಲೆಕ್ಕವಿಲ್ಲ. ಪ್ರತಿ ತೋಟದ ನಡುವೆ ಒಂದು ತೋಡು, ತೋಡಿಗೊಂದು ಸಂಕ.

ವರ್ಷದ ಮಳೆ 4,000 ಮಿಲಿಮೀಟರ್ ಮುಟ್ಟುವುದು, ಮೀರುವುದು ಇಲ್ಲಿ ಸಾಮಾನ್ಯ. ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ ತನಕ ಘಟ್ಟದ ಬುಡದ ಊರುಗಳು ಮಂಜು ಮತ್ತು ನೀರಿನೊಳಗೇ ಇರುತ್ತವೆ. ಬಟ್ಟೆ ಒಣಗಿಸಲು ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗವೇ ಗತಿ.

ಎತ್ತರದ ಲೆಕ್ಕದಲ್ಲಿ ಈ ಬೆಟ್ಟಗಳನ್ನು ಕಡೆಗಣಿಸುವವರು ಒಂದು ವಿಷಯ ಗಮನಿಸಬೇಕು. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್ ಇದೆ, ಆದರೆ ಅದರ ತುದಿಯ ಹತ್ತಿರದ ತನಕ ವಾಹನ ಹೋಗುತ್ತದೆ. ಕುಮಾರಪರ್ವತ ಅದಕ್ಕಿಂತ ಕುಳ್ಳು. ಆದರೆ ಸುಬ್ರಹ್ಮಣ್ಯ ಪೇಟೆಯಿರುವುದೇ ಸಮುದ್ರ ಮಟ್ಟದಿಂದ ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ. ಅಂದರೆ 1,500 ಮೀಟರಿಗೂ ಹೆಚ್ಚಿನ ಏರನ್ನು ಕಾಲಿನಲ್ಲೇ ಏರಬೇಕು. ದಕ್ಷಿಣ ಭಾರತದಲ್ಲಿ ಒಂದೇ ಹಾದಿಯಲ್ಲಿ ಇಷ್ಟು ಏರುವ ಚಾರಣಗಳು ಕಡಿಮೆ.

ಜಗತ್ತಿನ ಇನ್ನೊಂದು ಬೆಟ್ಟದೂರಿನ ಜತೆ ಇಟ್ಟು ನೋಡಿದರೆ ಇಲ್ಲಿನ ಸ್ವಭಾವ ತಿಳಿಯುತ್ತದೆ. ಮೊರಾಕ್ಕೊ ದೇಶದ ಅಟ್ಲಾಸ್ ಪರ್ವತಗಳಲ್ಲಿ ಬರ್ಬರ್ ಜನ, ತಮ್ಮದೇ ಮಾತಿನಲ್ಲಿ ಅಮಾಝಿಗರು, ಮಣ್ಣು ಮತ್ತು ಕಲ್ಲಿನ ಮನೆಗಳನ್ನು ಒಂದಕ್ಕೊಂದು ಅಂಟಿಸಿ ಇಳಿಜಾರಿನಲ್ಲಿ ಊರು ಕಟ್ಟಿದ್ದಾರೆ. 4,167 ಮೀಟರ್ ಎತ್ತರದ ತೂಬ್ಕಾಲ್ ಹತ್ತುವವರು ಹೊರಡುವ ಇಮ್ಲಿಲ್ ಎಂಬ ಊರಿನ ನೆಲವೇ ನಮ್ಮ ಕುಮಾರಪರ್ವತದ ತುದಿಯಷ್ಟು ಎತ್ತರದಲ್ಲಿದೆ. ಅಲ್ಲಿ ಚಾರಣವೆಂದರೆ ಊರಿಂದ ಊರಿಗೆ ನಡೆಯುವುದು. ಹೇಸರಗತ್ತೆಯ ಮೇಲೆ ಗಂಟುಮೂಟೆ, ರಾತ್ರಿಗೆ ಊರಿನವರ ಮನೆ, ದಾರಿ ತೋರಿಸಲು ಊರಿನವರೇ. ನಮ್ಮಲ್ಲಿ ಚಾರಣ ಊರುಗಳನ್ನು ಬದಿಗೆ ಬಿಟ್ಟು ನೇರವಾಗಿ ತುದಿಗೆ ಓಡುತ್ತದೆ. ಹತ್ತಿ ಇಳಿದವನಿಗೆ ಶಿಖರದ ಫೋಟೋ ಸಿಗುತ್ತದೆ, ಕಲ್ಮಕಾರಿನ ಹೆಸರು ಕೂಡ ಕಿವಿಗೆ ಬಿದ್ದಿರುವುದಿಲ್ಲ. ಈ ಸೀಮೆಯ ಪ್ರವಾಸದ ದೊಡ್ಡ ಕೊರತೆ ಇದೇ.

ಊರುಗಳ ಬಗೆ

ಇಲ್ಲಿ ಊರೆಂದರೆ ಮನೆಗಳ ಗುಂಪಲ್ಲ. ಒಂದು ಮನೆ, ಸುತ್ತ ಅದರ ಅಡಿಕೆ ತೋಟ, ಮೇಲೆ ಗುಡ್ಡ, ಆಚೆ ಕಾಡು. ಮುಂದಿನ ಮನೆ ಕೂಗಿದರೆ ಕೇಳುವಷ್ಟು ದೂರದಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. ಗ್ರಾಮದ ನಡುವೆಂದರೆ ಒಂದು ಶಾಲೆ, ಸಹಕಾರಿ ಸಂಘದ ಕಟ್ಟಡ, ನಾಲ್ಕು ಅಂಗಡಿ, ಬಸ್ಸು ತಿರುಗುವ ಜಾಗ. ದಾರಿಗಳು ಹೆಚ್ಚಾಗಿ ಯಾರದೋ ಅಂಗಳದ ಬದಿಯಿಂದಲೇ ಹೋಗುತ್ತವೆ. ಅಪರಿಚಿತರು ಬಂದರೆ ಮೊದಲು ನಾಯಿ ಎದುರುಗೊಳ್ಳುತ್ತದೆ, ಆಮೇಲೆ ಮನೆಯವರು. ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಡುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಊಟದ ಹೊತ್ತಾದರೆ ‘ಉಂಡುಕೊಂಡು ಹೋಗಿ’ ಎನ್ನುವುದು ಬಾಯಿಮಾತಲ್ಲ.

ಭಾಷೆಗಳ ಲೆಕ್ಕ ಹಿಡಿದರೆ ಈ ಮೂರು ತಾಲೂಕು ಒಂದು ಸಣ್ಣ ದೇಶ. ಪೇಟೆಯ ಮಾತು ತುಳು. ಸುಳ್ಯದ ಕಡೆ ಗೌಡರ ಮನೆಮಾತು ಅರೆಭಾಷೆ. ಹವ್ಯಕರದು ಹವಿಗನ್ನಡ, ಬ್ಯಾರಿಗಳದು ಬ್ಯಾರಿ. ಕೊಂಕಣಿ, ಮರಾಠಿಯ ಬಗೆಗಳೂ ಉಂಟು. ಕೇರಳದಿಂದ ಬಂದು ಕಾಡಂಚಿನಲ್ಲಿ ರಬ್ಬರ್ ಹಾಕಿದ ಕ್ರೈಸ್ತ ಕುಟುಂಬಗಳ ಜತೆ ಮಲಯಾಳ ಬಂತು. ತಮಿಳು ಬಂದ ಬಗೆ ಎಲ್ಲಕ್ಕಿಂತ ಬೇರೆ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತೋಟ ಕಾರ್ಮಿಕರಲ್ಲಿ ಕೆಲವರನ್ನು ಸುಳ್ಯ, ಪುತ್ತೂರು ಭಾಗದ ಸರಕಾರಿ ರಬ್ಬರ್ ತೋಟಗಳಲ್ಲಿ ನೆಲೆಗೊಳಿಸಿದರು. ಆ ತೋಟಗಳು ಈಗ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಕೈಯಲ್ಲಿವೆ. ಬೆಳಗಿನ ಬಸ್ಸಿನಲ್ಲಿ ಕೂತು ಕಿವಿಗೊಟ್ಟರೆ ಸುಳ್ಯ ತಲುಪುವುದರೊಳಗೆ ಐದಾರು ಭಾಷೆ ಕೇಳಿಸುತ್ತವೆ.

ಅರೆಭಾಷೆ ಗೌಡರು ಘಟ್ಟದ ಮೇಲಿನ ಐಗೂರು ಸೀಮೆಯಿಂದ ಇಳಿದು ಬಂದವರೆಂಬುದು ಅವರೊಳಗಿನ ಹೇಳಿಕೆ. ತಮ್ಮನ್ನು ‘ಹತ್ತು ಕುಟುಂಬ, ಹದಿನೆಂಟು ಗೋತ್ರ’ದವರೆಂದು ಹೇಳಿಕೊಳ್ಳುತ್ತಾರೆ. ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ದೈವ, ಹಿರಿಯರಿಗೆ ಬಡಿಸುವ ಕ್ರಮಗಳು ಈಗಲೂ ನಡೆಯುತ್ತವೆ. ಈ ಭಾಷೆಗಾಗಿ 2011ರಲ್ಲಿ ಕರ್ನಾಟಕ ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿ ಸ್ಥಾಪನೆಯಾಯಿತು. ಅದರ ಕಚೇರಿ ಮಡಿಕೇರಿಯಲ್ಲಿದೆ.

ಬೆಟ್ಟದ ಮೂಲ ಜನರೆಂದರೆ ಮಲೆಕುಡಿಯರು. ಸುಳ್ಯ, ಕಡಬ, ಬೆಳ್ತಂಗಡಿ, ಕಾರ್ಕಳದ ಮಲೆಗಳಲ್ಲಿ ಹರಡಿಕೊಂಡಿರುವ ಇವರು ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಹಿಂದೆ ಏಲಕ್ಕಿ ಮಲೆಗಳ ಕೆಲಸ, ಜೇನು, ಬೆತ್ತ, ಕಾಡುತ್ಪತ್ತಿಗಳು ಇವರ ಬದುಕಾಗಿದ್ದವು. ಕುಕ್ಕೆಯ ಚಂಪಾಷಷ್ಠಿ ಜಾತ್ರೆಗೆ ಬ್ರಹ್ಮರಥ ಕಟ್ಟುವ ಹಕ್ಕು ಇವರದು. ಕಾಡಿನಿಂದ ಬಿದಿರು ಮತ್ತು ಬೆತ್ತ ತಂದು, ಬೆತ್ತದಿಂದಲೇ ಬಿಗಿದು ರಥ ಎಬ್ಬಿಸುತ್ತಾರೆ. ರಥ ಎಳೆಯಲು ಬಳಸುವುದೂ ಬೆತ್ತವೇ. ಜಾತ್ರೆ ಮುಗಿದ ಮೇಲೆ ಆ ಬೆತ್ತದ ತುಂಡನ್ನು ಪ್ರಸಾದವೆಂದು ಮನೆಗೆ ಒಯ್ಯುವ ಭಕ್ತರಿದ್ದಾರೆ. ಬೆಟ್ಟದ ಜನ ಮತ್ತು ಪೇಟೆಯ ದೇವಸ್ಥಾನದ ಸಂಬಂಧವನ್ನು ಹತ್ತಿರದಿಂದ ನೋಡಬೇಕೆಂದವರು ಚಂಪಾಷಷ್ಠಿಯ ಹಿಂದಿನ ದಿನಗಳಲ್ಲಿ ರಥಬೀದಿಗೆ ಬಂದು ಈ ಕೆಲಸವನ್ನು ನೋಡಬೇಕು. ರಥದಷ್ಟೇ ಅದು ನೋಡತಕ್ಕದ್ದು.

ಹಳೆಯ ಹಾದಿಗಳು

ಚಾರಣ ಎಂಬ ಹೆಸರು ಬರುವ ಎಷ್ಟೋ ಮೊದಲು ಈ ಘಟ್ಟವನ್ನು ಜನ ನಡೆದೇ ಹತ್ತುತ್ತಿದ್ದರು. ಕರಾವಳಿಯ ಉಪ್ಪು, ಒಣಮೀನು ಮೇಲೆ ಹೋಗುತ್ತಿತ್ತು, ಘಟ್ಟದ ಅಕ್ಕಿ, ಏಲಕ್ಕಿ, ದನಗಳು ಕೆಳಗೆ ಬರುತ್ತಿದ್ದವು. ಬಿಸಿಲೆ, ಶಿರಾಡಿ, ಸಂಪಾಜೆ ಕಡೆಯ ಹಾದಿಗಳು ಮುಂದೆ ಮೋಟಾರು ರಸ್ತೆಗಳಾದವು. ತೊಡಿಕಾನದಿಂದ ಪಟ್ಟಿ ಘಾಟಿಯ ಮೂಲಕ ಭಾಗಮಂಡಲಕ್ಕೆ ಹೋಗುವ ಒಳಹಾದಿಯ ನೆನಪು ಈಗಲೂ ಹಿರಿಯರಲ್ಲಿದೆ. ಅದನ್ನು ಪೂರ್ಣ ರಸ್ತೆ ಮಾಡಬೇಕೆಂಬ ಬೇಡಿಕೆಯೂ ಹಳೆಯದು.

ಈ ಸೀಮೆ ರಾಜಕೀಯವಾಗಿಯೂ ಘಟ್ಟಕ್ಕೆ ಸೇರಿತ್ತು. ಅಮರ ಸುಳ್ಯ ಕೊಡಗಿನ ಹಾಲೇರಿ ಅರಸರ ಕೈಯಲ್ಲಿತ್ತು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡು ಸುಳ್ಯ ಭಾಗವನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕಟ್ಟಬೇಕಾಗಿ ಬಂದದ್ದು ರೈತರ ಸಿಟ್ಟಿಗೆ ಮುಖ್ಯ ಕಾರಣ. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳ್ತನದಲ್ಲಿ, ಹಾಲೇರಿ ವಂಶದವನೆನ್ನಲಾದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದ ಜನ ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಪುತ್ತೂರು ದಾಟಿ, ಏಪ್ರಿಲ್ 5ರಂದು ಮಂಗಳೂರು ಸೇರಿದರು. 13 ದಿನ ಮಂಗಳೂರು ಅವರ ಕೈಯಲ್ಲಿತ್ತು. ಆಮೇಲೆ ಬಂದದ್ದು ಗಲ್ಲು ಮತ್ತು ಗಡೀಪಾರು. ಬಹುಕಾಲ ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಹಗುರವಾಗಿ ಕರೆಸಿಕೊಂಡ ಈ ದಂಗೆಗೆ ಈಗ ತಕ್ಕ ಗೌರವ ಸಿಗುತ್ತಿದೆ. ಮಂಗಳೂರಿನ ಬಾವುಟಗುಡ್ಡೆಯಲ್ಲಿ 2022ರಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ನಿಂತಿತು.

ಕುಕ್ಕೆ ಸುಬ್ರಹ್ಮಣ್ಯ

ಪರ್ವತದ ಬುಡದ ಈ ಕ್ಷೇತ್ರ ರಾಜ್ಯದ ಮುಜರಾಯಿ ದೇವಸ್ಥಾನಗಳಲ್ಲಿ ಅತಿ ಹೆಚ್ಚು ಆದಾಯವುಳ್ಳದ್ದು. ಸರ್ಪಸಂಸ್ಕಾರ, ಆಶ್ಲೇಷಾ ಬಲಿ ಸೇವೆಗಳಿಗಾಗಿ ದೇಶದ ನಾನಾ ಕಡೆಯಿಂದ ಜನ ಬರುತ್ತಾರೆ. ತಾರಕಾಸುರನ ವಧೆಯ ನಂತರ ಕುಮಾರಸ್ವಾಮಿ ಪರ್ವತಕ್ಕೆ ಬಂದ, ಇಂದ್ರನ ಮಗಳು ದೇವಸೇನೆಯನ್ನು ಮಾರ್ಗಶಿರ ಶುದ್ಧ ಷಷ್ಠಿಯಂದು ಇಲ್ಲಿ ಮದುವೆಯಾದ, ಗರುಡನಿಗೆ ಹೆದರಿದ ವಾಸುಕಿಗೆ ಆಶ್ರಯ ಕೊಟ್ಟ ಎಂಬುದು ಸ್ಥಳಪುರಾಣ. ಶಿಖರದ ಬಳಿ ನೀರಿನಲ್ಲಿ ಸಿಗುವ ಆರು ಮುಖದ ಸಣ್ಣ ಕಲ್ಲುಗಳನ್ನು ಷಣ್ಮುಖ ಲಿಂಗವೆಂದು ಭಕ್ತರು ಪೂಜಿಸುತ್ತಾರೆ. ಪರ್ವತ ಹತ್ತುವುದು ಹೆಚ್ಚಿನ ಊರಿನವರಿಗೆ ಇಂದಿಗೂ ಯಾತ್ರೆಯೇ ಹೊರತು ಆಟವಲ್ಲ.

ಕುಮಾರಪರ್ವತದ ಹಾದಿ

ಸುಬ್ರಹ್ಮಣ್ಯದ ದೇವರಗದ್ದೆಯಿಂದ ಶಿಖರಕ್ಕೆ ಸುಮಾರು 13 ಕಿಲೋಮೀಟರ್. ಹೋಗಿ ಬರಲು ಅದರ ಇಮ್ಮಡಿ. ಹಾದಿಯನ್ನು ಮೂರು ಭಾಗ ಮಾಡಿ ಹೇಳುವುದು ವಾಡಿಕೆ.

ಮೊದಲ ಭಾಗ ದಟ್ಟ ಕಾಡು. ಬೇರು, ಕಲ್ಲು, ತರಗೆಲೆ. ಬಿಸಿಲು ನೆಲ ಮುಟ್ಟುವುದಿಲ್ಲ, ಗಾಳಿಯೂ ಇಲ್ಲ, ಅರ್ಧ ಗಂಟೆಯಲ್ಲಿ ಅಂಗಿ ತೊಯ್ದು ಹೋಗುತ್ತದೆ. ಏರು ಎಲ್ಲಿಯೂ ಬಿಡುವು ಕೊಡುವುದಿಲ್ಲ. ಹೊಸಬರು ಸೋಲುವುದು ಇಲ್ಲೇ. ಮೇಲೇನೋ ಕಠಿಣವಿದೆ ಎಂದು ಶಕ್ತಿ ಉಳಿಸಿಕೊಳ್ಳಲು ಹೋಗಿ, ಕೆಳಗಿನ ಕಾಡಿನಲ್ಲೇ ನೀರಿನ ಬಾಟಲಿ ಮುಗಿಸಿರುತ್ತಾರೆ. ನಡುವೆ ಸಿಗುವ ದೊಡ್ಡ ಬಂಡೆಗೆ ಭೀಮನ ಕಲ್ಲು ಎಂದು ಹೆಸರು, ಎಲ್ಲರೂ ಕೂರುವ ಜಾಗ.

ಕಾಡು ಮುಗಿದು ಹುಲ್ಲು ಕಾಣಿಸಿಕೊಳ್ಳುವ ಹೊತ್ತಿಗೆ ಗಿರಿಗದ್ದೆ. ಇಲ್ಲಿರುವ ಒಂಟಿ ಮನೆ ‘ಭಟ್ಟರ ಮನೆ’ ಎಂದು ನಾಡಿಗೇ ಗೊತ್ತು. ಅಡಿಕೆ ತೋಟ, ದನದ ಹಟ್ಟಿ, ಅಂಗಳದಲ್ಲಿ ಪೈಪಿನ ನೀರು. ಹೇಳಿಟ್ಟರೆ ಬಿಸಿ ಅನ್ನ, ಸಾಂಬಾರು, ಉಪ್ಪಿನಕಾಯಿ, ಮಜ್ಜಿಗೆ. ಕೆಳಗಿನಿಂದ ಪ್ರತಿ ಸಾಮಾನು ತಲೆಹೊರೆಯಲ್ಲಿ ಬರಬೇಕಾದ ಜಾಗದಲ್ಲಿ ದಶಕಗಳ ಕಾಲ ಚಾರಣಿಗರಿಗೆ ಬಡಿಸಿದ ಮನೆಯಿದು. ಅಟ್ಲಾಸಿನ ಊರುಗಳಲ್ಲಿ ಸಾಲುಸಾಲು ಮನೆಗಳು ಮಾಡುವ ಕೆಲಸವನ್ನು ಈ ಬೆಟ್ಟದಲ್ಲಿ ಒಂದು ಮನೆ ಮಾಡಿದೆ. ಸ್ವಲ್ಪ ಮೇಲೆ ಅರಣ್ಯ ಇಲಾಖೆಯ ತಪಾಸಣಾ ಕೊಠಡಿ. ಅಲ್ಲಿ ಹೆಸರು ಬರೆಸಿ, ಪ್ಲಾಸ್ಟಿಕ್ ಲೆಕ್ಕ ಒಪ್ಪಿಸಿ ಮುಂದೆ ಹೋಗಬೇಕು. ಇಲ್ಲಿಂದ ಮುಂದಿನದು ಪುಷ್ಪಗಿರಿ ವನ್ಯಜೀವಿಧಾಮ.

ಎರಡನೆಯ ಭಾಗ ಬೋಳು ಹುಲ್ಲುಗುಡ್ಡೆ. ನೆರಳಿಲ್ಲ. ಒಂದು ಏರು ಮುಗಿಯಿತು ಎನ್ನುವಾಗ ಅದರ ಹಿಂದೆ ಇನ್ನೊಂದು ಕಾಣುತ್ತದೆ. ನಾಲ್ಕು ಕಂಬದ ಕಲ್ಲು ಮಂಟಪ ಇಲ್ಲಿನ ಗುರುತು. ಹತ್ತಿರ ನೀರಿನ ಒರತೆ ಇದೆ, ಬೇಸಗೆಯಲ್ಲಿ ಅದನ್ನು ನಂಬುವ ಹಾಗಿಲ್ಲ. ಮಂಟಪದಿಂದ ಮುಂದಕ್ಕೆ ಶೇಷಪರ್ವತ. ಹೆಡೆ ಎತ್ತಿದ ಹಾವಿನ ಆಕಾರ ಕಂಡು ಆ ಹೆಸರು. ಅದರ ಅಂಚಿನಲ್ಲಿ ನಿಂತರೆ ಕೆಳಗೆ ನೇರ ಪ್ರಪಾತ, ಅದರ ತುಂಬ ಕಾಡು. ಮಂಜು ಬಂದರೆ ಅಂಚು ಎಲ್ಲಿದೆಯೆಂದು ತಿಳಿಯುವುದಿಲ್ಲ.

ಮೂರನೆಯ ಭಾಗ ಚಿಕ್ಕದು. ಶೇಷಪರ್ವತದಿಂದ ಸ್ವಲ್ಪ ಇಳಿದು ಶೋಲಾ ಕಾಡಿನೊಳಗೆ ಹೊಕ್ಕು, ನೀರು ಜಿನುಗುವ ಇಳಿಜಾರು ಬಂಡೆಯನ್ನು ಕೈಯೂರಿ ಹತ್ತಿದರೆ ಶಿಖರ. ತುದಿ ಚೂಪಲ್ಲ, ಅಗಲವಾದ ಬಯಲು. ಕಲ್ಲುಗಳನ್ನು ಪೇರಿಸಿದ ಸಣ್ಣ ಗುಡಿ ಇದೆ. ಮೊದಲ ಬಾರಿ ಬಂದವರಿಗೆ ಶೇಷಪರ್ವತದ ಅಂಚಿನ ನೋಟವೇ ಶಿಖರಕ್ಕಿಂತ ಹಿಡಿಸುವುದುಂಟು, ಅದು ನ್ಯಾಯವೂ ಹೌದು.

ಇನ್ನೊಂದು ಹಾದಿ ಸೋಮವಾರಪೇಟೆಯ ಬೀಡಳ್ಳಿ ಕಡೆಯಿಂದ. ಹೆಗ್ಗಡಮನೆ, ಶಾಂತಮಲ್ಲಿಕಾರ್ಜುನ ದೇವಸ್ಥಾನಗಳ ಬದಿಯಿಂದ ಏರುವ ಈ ದಾರಿ ಕುಕ್ಕೆ ಹಾದಿಯ ಅರ್ಧದಷ್ಟು ಉದ್ದ. ನೆಲ ಮೊದಲೇ ಎತ್ತರದಲ್ಲಿರುವುದರಿಂದ ಏರೂ ಕಡಿಮೆ. ಕಾಲಿನ ಗಂಟಿನ ಮೇಲೆ ಪ್ರೀತಿಯಿದ್ದವರು ಈ ಬದಿಯಿಂದಲೇ ಹತ್ತಿ ಈ ಬದಿಯಿಂದಲೇ ಇಳಿಯುವುದು ಮೇಲು. ಕುಕ್ಕೆ ಬದಿಯ ಇಳಿತ ಏರಿಗಿಂತ ಹೆಚ್ಚು ಹಿಂಸೆ ಕೊಡುತ್ತದೆ.

ಕಾಡು ಮತ್ತು ನಿಯಮ

ಪುಷ್ಪಗಿರಿ ವನ್ಯಜೀವಿಧಾಮದ ವಿಸ್ತೀರ್ಣ ಸುಮಾರು 102 ಚದರ ಕಿಲೋಮೀಟರ್. 2012ರಲ್ಲಿ ಪಶ್ಚಿಮ ಘಟ್ಟದ ಆಯ್ದ ತಾಣಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ತಲಕಾವೇರಿ ಗುಂಪಿನಲ್ಲಿ ಇದೂ ಸೇರಿತು. ಆನೆ, ಕಾಟಿ, ಕಡವೆ, ಕೆಂದಳಿಲು, ಕಾಳಿಂಗ ಸರ್ಪ, ಮಂಗಟ್ಟೆ ಹಕ್ಕಿಗಳು ಈ ಕಾಡಿನವು. ಚಾರಣಿಗರಿಗೆ ತಪ್ಪದೆ ಭೇಟಿ ಕೊಡುವ ಪ್ರಾಣಿ ಮಾತ್ರ ಉಂಬುಳ, ಘಟ್ಟದ ಮೇಲಿನವರ ಮಾತಿನಲ್ಲಿ ಜಿಗಣೆ. ಮಳೆ ಬಿಟ್ಟ ಮೇಲೂ ಕಾಡಿನೊಳಗೆ ಅದು ಇದ್ದೇ ಇರುತ್ತದೆ. ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು ಊರಿನ ಮದ್ದು.

2024ರ ಜನವರಿ ಕೊನೆಯ ರಜಾದಿನಗಳಲ್ಲಿ ಈ ಹಾದಿಗೆ ಜನಜಾತ್ರೆಯೇ ಬಂತು. ಹುಲ್ಲುಗುಡ್ಡೆಯ ಮೇಲೆ ಸಾಲುಗಟ್ಟಿ ನಿಂತವರ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಆನ್‌ಲೈನ್ ಟಿಕೆಟ್ ವ್ಯವಸ್ಥೆಯಿಲ್ಲದ ಚಾರಣ ಹಾದಿಗಳನ್ನು ಸರಕಾರ ಆಗ ತಾತ್ಕಾಲಿಕವಾಗಿ ಮುಚ್ಚಿತು. ಅದೇ ವರ್ಷದ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ಮುಂಗಡ ನೋಂದಣಿ ಮತ್ತು ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಜಾರಿಗೆ ಬಂತು. ಬೇಸಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೂ ಮಳೆಗಾಲದಲ್ಲಿ ಅಪಾಯಕ್ಕೂ ಹಾದಿ ಮುಚ್ಚುತ್ತದೆ. ವನ್ಯಜೀವಿಧಾಮದೊಳಗೆ ಡೇರೆ ಹಾಕಿ ರಾತ್ರಿ ಕಳೆಯಲು ಅನುಮತಿಯಿಲ್ಲ. ಈ ಮಿತಿಗಳ ಬಗ್ಗೆ ಗೊಣಗುವವರಿದ್ದಾರೆ. ಆದರೆ ಸಾವಿರಾರು ಕಾಲುಗಳ ಅಡಿಯಲ್ಲಿ ಹುಲ್ಲು ಕಿತ್ತು ಮಳೆಗೆ ಕೊರಕಲಾದ ಜಾಗ ಕಂಡವರು ಗೊಣಗಲಾರರು.

ದಾರಿ ತಪ್ಪುವುದು ಇಲ್ಲಿ ಅಪರೂಪವಲ್ಲ. 2019ರ ಸೆಪ್ಟೆಂಬರಿನಲ್ಲಿ ಗೆಳೆಯರಿಂದ ಬೇರ್ಪಟ್ಟ ಬೆಂಗಳೂರಿನ ಯುವಕನೊಬ್ಬ ಎರಡು ದಿನದ ಬಳಿಕ, ಕಾಡಿನಲ್ಲಿ ಕಂಡ ನೀರಿನ ಪೈಪನ್ನೇ ಹಿಡಿದುಕೊಂಡು ಕೆಳಗಿಳಿದು ಬದುಕಿದ. ಈ ಸೀಮೆಯಲ್ಲಿ ಪೈಪು ಕಂಡರೆ ಅದರ ತುದಿಯಲ್ಲಿ ಒಂದು ಮನೆಯೋ ತೋಟವೋ ಇದ್ದೇ ಇರುತ್ತದೆ.

ಈ ಕಾಡುಗಳಲ್ಲಿ ಇನ್ನೊಂದು ಭಯವೂ ಇತ್ತು, ನಕ್ಸಲರದು. 2012ರ ಸೆಪ್ಟೆಂಬರಿನಲ್ಲಿ ಬಿಸಿಲೆ ಕಾಡಿನ ಗುಂಡಿನ ಚಕಮಕಿಯಲ್ಲಿ ಒಬ್ಬ ನಕ್ಸಲ್ ಸತ್ತ. 2024ರಲ್ಲೂ ಕೂಜಿಮಲೆ ಕಡೆ ನಕ್ಸಲರು ಬಂದು ಹೋದ ಸುದ್ದಿಯಿಂದ ಶೋಧ ನಡೆದಿತ್ತು. 2025ರ ಜನವರಿಯಲ್ಲಿ ಆರು ಮಂದಿ ಸರಕಾರಕ್ಕೆ ಶರಣಾದ ಮೇಲೆ ಆ ಮಾತು ತಣ್ಣಗಾಗಿದೆ.

ಉಳಿದ ನಡಿಗೆಗಳು, ರೈಲು

ಕುಮಾರಪರ್ವತದ ಹೆಸರಿನ ನೆರಳಿನಲ್ಲಿ ಉಳಿದ ಜಾಗಗಳು ಮರೆಯಾಗಿವೆ. ಸುಳ್ಯದ ಹತ್ತಿರದ ಪೂಮಲೆ, ಬಂಟಮಲೆ ಸಾಲುಗಳು ಊರಿನವರ ಜತೆ ಅರ್ಧ ದಿನದ ನಡಿಗೆಗೆ ಒದಗುತ್ತವೆ. ತೊಡಿಕಾನದಲ್ಲಿ ಮಲ್ಲಿಕಾರ್ಜುನ ದೇವಸ್ಥಾನದ ಮತ್ಸ್ಯತೀರ್ಥ, ಅದಕ್ಕೆ ಹತ್ತಿರದಲ್ಲೇ ದೇವರಗುಂಡಿ ಜಲಪಾತ. ಜಲಪಾತ ದೇವಸ್ಥಾನಕ್ಕೆ ಸೇರಿದ ಪವಿತ್ರ ಜಾಗವೆಂದು ಊರಿನವರ ನಂಬಿಕೆ, ಅಲ್ಲಿ ನಡೆದ ಒಂದು ಫೋಟೋ ಚಿತ್ರೀಕರಣ 2020ರಲ್ಲಿ ದೊಡ್ಡ ವಿವಾದವಾಗಿತ್ತು. ಕುಳ್ಕುಂದದಿಂದ ಬಿಸಿಲೆ ಘಾಟಿ ಹತ್ತಿದರೆ ಬ್ಯೂಟಿ ಸ್ಪಾಟ್ ಎಂದೇ ಕರೆಯುವ ನೋಟದ ಜಾಗದಿಂದ ಎದುರಿಗೆ ಕುಮಾರಪರ್ವತ, ಎಣ್ಣೆಕಲ್ಲು ಬೆಟ್ಟಗಳು ಕಾಣುತ್ತವೆ. ಪರ್ವತ ಹತ್ತಲಾರದವರಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿಲೋಮೀಟರ್ ರೈಲು ಹಾದಿಯಲ್ಲಿ 57 ಸುರಂಗ, 109 ಸೇತುವೆಗಳಿವೆ. ಮೀಟರ್ ಗೇಜಿನಲ್ಲಿ 1979ರಲ್ಲಿ ತೆರೆದ ಈ ಹಾದಿ ಗೇಜ್ ಪರಿವರ್ತನೆಗೆಂದು 1996ರಲ್ಲಿ ನಿಂತು, ಪ್ರಯಾಣಿಕರಿಗೆ 2007ರ ಡಿಸೆಂಬರಿನಲ್ಲಷ್ಟೆ ಮತ್ತೆ ಸಿಕ್ಕಿತು. ಆ ಖಾಲಿ ವರ್ಷಗಳಲ್ಲಿ ಹಳಿ ಹಿಡಿದು ಎಡಕುಮೇರಿ ಕಡೆ ನಡೆಯುವುದು ‘ಹಸಿರು ಹಾದಿ’ ಚಾರಣವೆಂದು ಪ್ರಸಿದ್ಧವಾಯಿತು. ಈಗ ಹಳಿಯ ಮೇಲೆ ನಡೆಯುವುದು ಅಪರಾಧ. ಸುರಂಗದೊಳಗೆ ರೈಲು ಬಂದರೆ ಸರಿಯಲು ಜಾಗವೂ ಇಲ್ಲ. 2021ರಿಂದ ಓಡುವ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಯಲ್ಲಿ ಕೂತು ಅದೇ ಕಾಡನ್ನು ನೋಡಬಹುದು.

ಬೆಟ್ಟದೂರಿನ ಬದುಕು

ಘಟ್ಟದ ಬುಡದಲ್ಲಿ ಮಳೆಗಾಲ ಬಂತೆಂದರೆ ಹೊಳೆಯಾಚೆಯ ಮನೆಗಳು ದ್ವೀಪವಾಗುತ್ತಿದ್ದವು. ಅಡಿಕೆ ಮರದ ಸಂಕ ಕೊಚ್ಚಿಹೋದರೆ ಮಕ್ಕಳಿಗೆ ಶಾಲೆಯಿಲ್ಲ, ರೋಗಿಗೆ ಆಸ್ಪತ್ರೆಯಿಲ್ಲ. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜರು 1989ರಲ್ಲಿ ಪಯಸ್ವಿನಿಗೆ ಅಡ್ಡಲಾಗಿ ಅರಂಬೂರಿನಲ್ಲಿ ಕಡಿಮೆ ಖರ್ಚಿನ ತೂಗುಸೇತುವೆ ಕಟ್ಟಿದರು. ಆಮೇಲೆ ಅಂಥ ನೂರಕ್ಕೂ ಹೆಚ್ಚು ಸೇತುವೆಗಳು ಹಲವು ರಾಜ್ಯಗಳಲ್ಲಿ ಎದ್ದವು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈ ಸೀಮೆ ನೋಡಲು ಬಂದವರು ಜಲಪಾತ ಬಿಟ್ಟರೂ ಇಂಥದೊಂದು ತೂಗುಸೇತುವೆಯ ಮೇಲೆ ನಡೆಯದೆ ಹೋಗಬಾರದು.

ಅಡಿಕೆಯೇ ಇಲ್ಲಿಯ ಹಣ. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಬೆಳೆಗಾರರ ಬೆನ್ನೆಲುಬು, ಪುತ್ತೂರಿನಲ್ಲಿ ಅದರ ಚಾಕೊಲೇಟು ಕಾರ್ಖಾನೆಯಿದೆ. ಆದರೆ ಸಂಪಾಜೆ, ಅರಂತೋಡು, ತೊಡಿಕಾನ ಭಾಗಗಳಲ್ಲಿ ಹಳದಿ ಎಲೆ ರೋಗ ತೋಟಗಳನ್ನೇ ಖಾಲಿ ಮಾಡಿದೆ. ಕೊಲ್ಲಮೊಗ್ರು, ಕಲ್ಮಕಾರುಗಳಲ್ಲಿ ಎಲೆಚುಕ್ಕಿ ರೋಗ ಹರಡಿದೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಸಂಪಾಜೆ ಘಾಟಿ ಮುಚ್ಚಿತು. 2022ರ ಜೂನ್ ಕೊನೆಯಲ್ಲಿ ಸುಳ್ಯ, ಸಂಪಾಜೆ, ಚೆಂಬು ಭಾಗಗಳಲ್ಲಿ ನೆಲ ನಡುಗಿತು. ಅದೇ ವರ್ಷ ಆಗಸ್ಟ್ 1ರ ರಾತ್ರಿಯ ಮಳೆಗೆ ಸುಬ್ರಹ್ಮಣ್ಯದಲ್ಲಿ ಗುಡ್ಡ ಜರಿದು ಇಬ್ಬರು ಮಕ್ಕಳು ಜೀವ ಕಳೆದುಕೊಂಡರು, ಹರಿಹರ ಪಲ್ಲತ್ತಡ್ಕ, ಕೊಲ್ಲಮೊಗ್ರುಗಳಿಗೆ ನೆರೆ ನುಗ್ಗಿತು. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಕಾಡಾನೆ ಇಬ್ಬರನ್ನು ಕೊಂದಿತು.

ಇಂಥ ಊರುಗಳಲ್ಲಿ ‘ಕಸ್ತೂರಿರಂಗನ್ ವರದಿ’ ಎಂದರೆ ಜನ ಸಿಡಿಯುವುದರ ಹಿಂದೆ ಕಾರಣವಿದೆ. ಪಶ್ಚಿಮ ಘಟ್ಟದ ಪರಿಸರದ ಬಗೆಗಿನ 2011ರ ಗಾಡ್ಗೀಳ್ ವರದಿ ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ಬೇಡವೆಂದಿತು, ಅದು ಕಾಡಿಗೂ ಊರಿಗೂ ಒಳ್ಳೆಯದೇ ಆಯಿತು. ನಂತರ ಬಂದ ಕಸ್ತೂರಿರಂಗನ್ ವರದಿಯನ್ನು ಆಧರಿಸಿದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಗಳಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಸೇರಿತು. ತಮ್ಮ ಗ್ರಾಮದ ಹೆಸರು ಪಟ್ಟಿಯಲ್ಲಿ ಕಂಡವರು ಮನೆ ಕಟ್ಟಲೂ ತೋಟ ಮಾಡಲೂ ತಡೆ ಬರುತ್ತದೆಂದು ಹೆದರಿದರು. ಕಾಡು ಉಳಿಯಬೇಕೆಂಬ ಮಾತನ್ನು ಕಾಡಿನ ಅಂಚಿನಲ್ಲಿ ಬದುಕುವವರ ಜಗಲಿಯಲ್ಲಿ ಕೂತು ಯಾರೂ ಸರಿಯಾಗಿ ಆಡಲಿಲ್ಲ. ಜಗಳ ಉಳಿದದ್ದು ಹಾಗೆ.

ಸಾಹಿತ್ಯದಲ್ಲಿ

ಕುಮಾರಪರ್ವತದ ತಪ್ಪಲನ್ನು ಕನ್ನಡಿಗರಿಗೆ ಕಾಣಿಸಿದವರು ಶಿವರಾಮ ಕಾರಂತರು. ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ನೆಲೆಸಿದ್ದ ಅವರು ಇಲ್ಲಿನ ಮಲೆಗಳನ್ನು ಕಾಲಿನಲ್ಲೇ ಅಳೆದಿದ್ದರು. ‘ಬೆಟ್ಟದ ಜೀವ’ ಕಾದಂಬರಿಯ ಗೋಪಾಲಯ್ಯ, ಕಾಡು ಕಡಿದು ತೋಟ ಮಾಡಿ ಒಂಟಿ ಮನೆಯಲ್ಲಿ ಬದುಕುವ ಮುದುಕ, ದಾರಿ ತಪ್ಪಿ ಬಂದ ಅತಿಥಿಯನ್ನು ಬಿಡದೆ ಉಳಿಸಿಕೊಳ್ಳುವವನು. ಪಿ. ಶೇಷಾದ್ರಿಯವರು ಅದನ್ನು ಚಲನಚಿತ್ರ ಮಾಡಿದರು. ಮಲೆಕುಡಿಯರ ಬದುಕಿನ ಮೇಲೆ ಕಾರಂತರು ಬರೆದದ್ದು ‘ಕುಡಿಯರ ಕೂಸು’. 1837ರ ದಂಗೆಯನ್ನು ಈ ಸೀಮೆಯವರೇ ಆದ ನಿರಂಜನರು ‘ಕಲ್ಯಾಣಸ್ವಾಮಿ’ಯಲ್ಲಿ ಕಾದಂಬರಿಯಾಗಿಸಿದರು. ಇವುಗಳಲ್ಲಿ ಒಂದನ್ನಾದರೂ ಓದಿ ಬಂದವನಿಗೆ ಬೆಟ್ಟ ಬೇರೆ ರೀತಿ ಕಾಣುತ್ತದೆ.

ಹೋಗುವವರಿಗೆ

ಮಂಗಳೂರಿನಿಂದ ಸುಬ್ರಹ್ಮಣ್ಯಕ್ಕೆ ನೂರು ಕಿಲೋಮೀಟರಿಗೆ ತುಸು ಹೆಚ್ಚು, ಪುತ್ತೂರಿನಿಂದ ಅದರ ಅರ್ಧ. ಹತ್ತಿರದ ರೈಲು ನಿಲ್ದಾಣ ನೆಟ್ಟಣದ ಸುಬ್ರಹ್ಮಣ್ಯ ರೋಡ್. ಅಲ್ಲಿಂದ ಬಸ್ಸು, ಜೀಪುಗಳಿವೆ. ಚಾರಣಕ್ಕೆ ಅಕ್ಟೋಬರಿನಿಂದ ಜನವರಿ ಒಳ್ಳೆಯ ಕಾಲ. ದೊಡ್ಡ ಆಸ್ಪತ್ರೆ ಸುಳ್ಯದಲ್ಲೋ ಪುತ್ತೂರಿನಲ್ಲೋ ಸಿಗುತ್ತದೆ, ಬೆಟ್ಟದಲ್ಲಿ ಫೋನ್ ಸಿಗ್ನಲ್ ಸಿಗುತ್ತದೆಂದು ಲೆಕ್ಕ ಹಾಕಬಾರದು.

ತೋಟದೊಳಗೆ ಕಾಲಿಡುವ ಮೊದಲು ಮನೆಯವರನ್ನು ಕೇಳಬೇಕು. ದೈವಗಳ ನೇಮ, ಕೋಲ ನಡೆಯುವ ಅಂಗಳಕ್ಕೆ ಹೋದರೆ ಚಪ್ಪಲಿ ಹೊರಗೆ ಬಿಡಬೇಕು, ಕೇಳದೆ ಕ್ಯಾಮೆರಾ ಎತ್ತಬಾರದು. ಹಿರಿಯರನ್ನು ‘ಅಣ್ಣ’, ‘ಅಕ್ಕ’, ‘ಅಜ್ಜ’ ಎಂದು ಕರೆದರೆ ಅರ್ಧ ಪರಿಚಯ ಆದ ಹಾಗೆ. ಕಣಿಲೆ ಪಲ್ಯ, ಪತ್ರೊಡೆ, ಹಲಸಿನ ಹಪ್ಪಳ, ಪುನರ್ಪುಳಿ ಸಾರು ಸಿಗುವುದು ಮನೆಗಳಲ್ಲಿ, ಹೋಟೆಲುಗಳಲ್ಲಿ ಅಪರೂಪ. ಒಂದು ದಿನ ಪರ್ವತಕ್ಕೆ ಕೊಟ್ಟವರು ಇನ್ನೊಂದು ದಿನವನ್ನು ಕೊಲ್ಲಮೊಗ್ರು, ಕಲ್ಮಕಾರು, ತೊಡಿಕಾನಗಳಿಗೆ ಕೊಡಲಿ, ಉಳಿಯುವ ಖರ್ಚನ್ನು ಅಲ್ಲಿಯ ಮನೆಗಳಲ್ಲೇ ಮಾಡಲಿ.